ಮೈಸೂರು ಸೀಮೆಯ ಪಶ್ಚಿಮ ತಾಲ್ಲೂಕುಗಳು ಮತ್ತು ಕುಟುಂಬ ವೈದ್ಯನ ಶಿಕ್ಷಣ: ಕಲಿಯುವವನ ತೃಪ್ತಿಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ವೈದ್ಯವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳಿಗೆ ಪ್ರಾಶಸ್ತ್ಯ ಕೊಡುತ್ತಾರೆ. ಆಸ್ಪತ್ರೆಗಳೂ ಕಾಲೇಜುಗಳೂ ಸ್ಥಾಪಿತವಾದ ವರ್ಷಗಳು ಒಂದು. ಅವುಗಳಲ್ಲಿ ಚಿಕಿತ್ಸೆ ಪಡೆದವರ ಸಂಖ್ಯೆ ಮತ್ತೊಂದು. ಆಡಳಿತ ವರದಿಗಳು ರಚಿತವಾಗಿರುವುದು ಈ ಎರಡನ್ನು ದಾಖಲಿಸುವುದಕ್ಕಾಗಿಯೇ ಆದುದರಿಂದ ಇತಿಹಾಸಕಾರನ ಗಮನವೂ ಸಹಜವಾಗಿ ಅಲ್ಲಿಗೇ ಹರಿಯುತ್ತದೆ. ಆದರೆ ಆ ಆಸ್ಪತ್ರೆಯಲ್ಲಿ ನಿಂತು ರೋಗಿಯ ನಾಡಿ ಹಿಡಿದ ತರುಣ ವೈದ್ಯನು ತಾನು ಪಡೆದ ಶಿಕ್ಷಣದಿಂದ ತೃಪ್ತನಾಗಿದ್ದನೇ, ತನಗೆ ಕಲಿಸಿದ್ದು ತನ್ನ ಮುಂದಿದ್ದ ಕೆಲಸಕ್ಕೆ ಒದಗಿತೇ ಎಂಬ ಪ್ರಶ್ನೆಗೆ ಅಂತಹ ವರದಿಗಳಲ್ಲಿ ಅಂಕಣವಿರುವುದಿಲ್ಲ. ಆದರೂ ಈ ಪ್ರಶ್ನೆ ಗೌಣವಾದುದಲ್ಲ. ಒಂದು ತಾಲ್ಲೂಕಿನ ಜನ ತಮ್ಮ ವೈದ್ಯನನ್ನು ಉಳಿಸಿಕೊಂಡರೇ ಕಳೆದುಕೊಂಡರೇ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಈ ಲೇಖಕನು ಬಾಲ್ಯವನ್ನು ಕಳೆದದ್ದು ಹುಣಸೂರು ಸೀಮೆಯ ಒಂದು ಊರಿನಲ್ಲಿ. ಊರಿನ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದರೆಂದು ಸುದ್ದಿ ಹರಡಿದಾಗ ಜಗಲಿಯ ಮೇಲೆ ಕುಳಿತ ಹಿರಿಯರು ಅವರ ವಿದ್ಯಾರ್ಹತೆಯನ್ನಾಗಲಿ ಕೈಗುಣವನ್ನಾಗಲಿ ಮೊದಲು ವಿಚಾರಿಸುತ್ತಿರಲಿಲ್ಲ, “ಎಷ್ಟು ದಿನ ಇರ್ತಾರಂತೆ?” ಎಂದೇ ಕೇಳುತ್ತಿದ್ದರು. ಪ್ರಸ್ತುತ ಪ್ರಬಂಧದ ಮೂಲ ಆ ಪ್ರಶ್ನೆಯಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಸಾಮಾನ್ಯ ಚಿಕಿತ್ಸೆಯ ವೈದ್ಯನನ್ನು, ಎಂದರೆ ಇಂದು ನಾವು ಕುಟುಂಬ ವೈದ್ಯನೆಂದು ಕರೆಯುವವನನ್ನು, ಸಿದ್ಧಗೊಳಿಸಿದ ಶಿಕ್ಷಣಕ್ರಮಗಳು ಕಾಲಕಾಲಕ್ಕೆ ಹೇಗೆ ಬದಲಾದುವು, ಅವು ಕಲಿಯುವವನಿಗೆ ಯಾವ ಬಗೆಯ ತೃಪ್ತಿಯನ್ನು ಒದಗಿಸಬಲ್ಲವಾಗಿದ್ದುವು ಎಂಬುದನ್ನು ವಿವೇಚಿಸುವುದು ಇಲ್ಲಿನ ಉದ್ದೇಶ.

ತೃಪ್ತಿಯೆಂಬುದು ಮನಸ್ಸಿನ ಸಂಗತಿ. ಇತಿಹಾಸಕ್ಕೆ ಅದು ನೇರವಾಗಿ ದೊರಕುವುದಿಲ್ಲ. ಇಂದಿನ ಸಂಶೋಧಕರು ಪ್ರಶ್ನಾವಳಿಗಳನ್ನು ಹಂಚಿ ಅದನ್ನು ಅಳೆಯಲು ಯತ್ನಿಸುತ್ತಾರೆ. ಕಳೆದ ಕಾಲದವರಿಗೆ ಪ್ರಶ್ನಾವಳಿಯನ್ನು ಕಳುಹಿಸಲಾಗದು. ಆದರೆ ಬಾಯಿಂದ ಹೇಳದ ಮಾತನ್ನು ನಡತೆ ಹೇಳುತ್ತದೆ. ಕಲಿತವರು ಎಲ್ಲಿ ನೆಲೆಸಿದರು, ಎಲ್ಲಿಂದ ಹೊರಟುಹೋದರು, ಯಾವ ಕೊರತೆಯನ್ನು ತಾವೇ ತುಂಬಿಕೊಳ್ಳಲು ಹೊರಟರು, ಸರ್ಕಾರ ಯಾವುದಕ್ಕಾಗಿ ಕಾನೂನು ಮಾಡಬೇಕಾಯಿತು ಎಂಬ ಸಂಗತಿಗಳಿಂದ ಅದನ್ನು ಊಹಿಸಬಹುದು. ಈ ದೃಷ್ಟಿಯಿಂದ ನೋಡಿದಾಗ ಕಲಿಯುವವನ ತೃಪ್ತಿಗೆ ಮೂರು ಆಧಾರಗಳಿರುವಂತೆ ತೋರುತ್ತದೆ: ಕಲಿತ ಸ್ಥಳಕ್ಕೂ ದುಡಿಯುವ ಸ್ಥಳಕ್ಕೂ ಇರುವ ಹೋಲಿಕೆ, ಸಂದೇಹ ಬಂದಾಗ ಕೇಳಲು ಬಳಿಯಲ್ಲೇ ಇರುವ ಗುರು, ಮಾಡುವ ಕೆಲಸಕ್ಕೆ ಸಲ್ಲುವ ಹೆಸರು ಮತ್ತು ಮುಂದಿನ ದಾರಿ. ಮುಂದಿನ ವಿವೇಚನೆಯಲ್ಲಿ ಈ ಮೂರನ್ನೂ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ.

೧. ಪ್ರದೇಶದ ಸ್ವರೂಪ

ಈ ನಾಲ್ಕು ತಾಲ್ಲೂಕುಗಳು ಮೈಸೂರು ನಗರದ ವಾಯವ್ಯದಿಂದ ನೈಋತ್ಯದವರೆಗೆ ಹರಡಿಕೊಂಡಿವೆ. ನಗರದಿಂದ ಇವುಗಳ ಮುಖ್ಯ ಪಟ್ಟಣಗಳಿಗೆ ಇರುವ ದೂರ ಹೆಚ್ಚಲ್ಲ. ಬಸ್ಸಿನಲ್ಲಿ ಒಂದೆರಡು ಗಂಟೆಗಳ ಪ್ರಯಾಣ. ಇವುಗಳಲ್ಲಿ ರೈಲು ಮಾರ್ಗವಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಅದು ಮೈಸೂರಿನಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರೂ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಈ ಪ್ರಬಂಧದಲ್ಲಿ ಹಳೆಯ ಎಲ್ಲೆಗಳನ್ನೇ ಅನುಸರಿಸಲಾಗಿದೆ.

ನಾಲ್ಕೂ ಒಂದೇ ಜಿಲ್ಲೆಗೆ ಸೇರಿದ್ದರೂ ವೈದ್ಯನ ಕಣ್ಣಿಗೆ ಒಂದೇ ಬಗೆಯವಲ್ಲ. ಕೃಷ್ಣರಾಜನಗರವು ಕಾವೇರಿಯ ಕಾಲುವೆಗಳಿಂದ ನೀರುಂಡು ಬತ್ತ ಬೆಳೆಯುವ ನಾಡು. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದುವು; ಒದ್ದೆ ಎಲೆಯನ್ನು ಕೊಯ್ಯುವ ಕೂಲಿಯವರಿಗೆ ಚರ್ಮದ ಮೂಲಕ ನಿಕೋಟಿನ್ ಸೇರಿ ವಾಂತಿ, ತಲೆಸುತ್ತು ಬರುವುದುಂಟು; ಬ್ಯಾರನ್‌ಗಳ ಕಾವು, ಹೊಗೆ, ಕೀಟನಾಶಕಗಳ ವಿಷ ಇವೂ ಅಲ್ಲಿನ ವೈದ್ಯನ ದಿನನಿತ್ಯದ ಪಾಠ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ೧೯೬೦ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರ ವಸತಿಯಿದ್ದು, ಅವರ ಭಾಷೆಯೂ ಚಿಕಿತ್ಸಾ ಸಂಪ್ರದಾಯವೂ ಬೇರೆ. ಹೆಗ್ಗಡದೇವನಕೋಟೆಯು ಕಾಡಿನ ಅಂಚಿನ ತಾಲ್ಲೂಕು. ಕಬಿನಿ ಅಣೆಕಟ್ಟೆಯಿಂದಲೂ, ೧೯೭೩ರಲ್ಲಿ ಬಂಡೀಪುರವನ್ನು ಒಳಗೊಂಡು ಆರಂಭವಾದ ಹುಲಿ ಯೋಜನೆ ಮೊದಲಾದ ಅರಣ್ಯ ಸಂರಕ್ಷಣೆಯ ಕ್ರಮಗಳಿಂದಲೂ ನೆಲೆ ತಪ್ಪಿದ ಜೇನುಕುರುಬರು, ಕಾಡುಕುರುಬರು, ಯರವರು ಅಲ್ಲಿನ ಹಾಡಿಗಳಲ್ಲಿ ವಾಸಿಸುತ್ತಾರೆ. ಕುಡುಗೋಲು ಕಣದ ರಕ್ತಹೀನತೆಯೆಂಬ ಆನುವಂಶಿಕ ವ್ಯಾಧಿಯು ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟದ್ದು ೧೯೫೨ರಲ್ಲಿ, ನೆರೆಯ ನೀಲಗಿರಿಯ ಗಿರಿಜನರಲ್ಲಿ. ಅದೇ ವ್ಯಾಧಿ ಕೋಟೆಯ ಹಾಡಿಗಳಲ್ಲಿಯೂ ಉಂಟು. ಹಾವಿನ ಕಡಿತ, ಕ್ಷಯ, ಹೆರಿಗೆಯ ತೊಡಕುಗಳು ಇವೆಲ್ಲ ಅಲ್ಲಿ ಒಬ್ಬನೇ ವೈದ್ಯನ ಮೇಜಿನ ಮುಂದೆ ಒಂದೇ ದಿನ ಬಂದು ನಿಲ್ಲಬಹುದು.

ಹೀಗಿರುವಲ್ಲಿ ಈ ಸೀಮೆಗೆ ಬೇಕಾದವನು ಒಂದು ಅಂಗದ ತಜ್ಞನಲ್ಲ. ಮನೆಯನ್ನೂ ಹೊಲವನ್ನೂ ಬಲ್ಲ, ಯಾವುದನ್ನು ತಾನು ನಿಭಾಯಿಸಬೇಕು, ಯಾವುದನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡಬೇಕು ಎಂಬ ವಿವೇಚನೆಯುಳ್ಳ ವೈದ್ಯನು. ಅಂತಹವನನ್ನು ತಯಾರುಮಾಡುವ ಪ್ರಯತ್ನಗಳು ಹೇಗೆ ನಡೆದುವು ಎಂಬುದನ್ನು ಈಗ ನೋಡಬಹುದು.

೨. ಎಲ್.ಎಂ.ಪಿ. ವೈದ್ಯನ ಕಾಲ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಾಲ್ಲೂಕುಗಳ ಔಷಧಾಲಯಗಳನ್ನು ನಡೆಸುತ್ತಿದ್ದವರು ಹೆಚ್ಚಾಗಿ ಸಬ್ ಅಸಿಸ್ಟೆಂಟ್ ಸರ್ಜನ್ನರು. ಇವರು ಕಾಲೇಜಿನ ಪದವೀಧರರಲ್ಲ. ವೈದ್ಯಶಾಲೆಯಲ್ಲಿ ಸುಮಾರು ನಾಲ್ಕು ವರ್ಷ ಓದಿ ಎಲ್.ಎಂ.ಪಿ. ಮೊದಲಾದ ಪರವಾನೆಗಳನ್ನು ಪಡೆದವರು. ಭಾರತದ ಉದ್ದಗಲಕ್ಕೂ ಇವರೇ ಸಂಖ್ಯೆಯಲ್ಲಿ ಹೆಚ್ಚು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ ಲೆಕ್ಕ ಹಾಕಿದಂತೆ ಬ್ರಿಟಿಷ್ ಇಂಡಿಯದಲ್ಲಿ ಆಗ ನೋಂದಾಯಿತರಾಗಿದ್ದ ವೈದ್ಯರಲ್ಲಿ ೧೭,೬೫೪ ಮಂದಿ ಪದವೀಧರರು, ೨೯,೮೭೦ ಮಂದಿ ಪರವಾನೆ ಪಡೆದವರು. ಎಂದರೆ ಐದು ಮಂದಿ ವೈದ್ಯರಲ್ಲಿ ಮೂವರಿಗಿಂತ ಹೆಚ್ಚು ಜನ ಈ ಎರಡನೆಯ ವರ್ಗದವರು.

ಮೇಲಿನ ಮೂರು ಆಧಾರಗಳಿಂದ ಈ ಶಿಕ್ಷಣವನ್ನು ಅಳೆದರೆ ಫಲಿತಾಂಶ ಮಿಶ್ರವಾದುದು. ಎಲ್.ಎಂ.ಪಿ. ವಿದ್ಯಾರ್ಥಿಗೆ ತಾನು ಯಾವ ಕೆಲಸಕ್ಕೆ ಸಿದ್ಧನಾಗುತ್ತಿದ್ದೇನೆಂಬುದು ಮೊದಲ ದಿನದಿಂದಲೇ ತಿಳಿದಿತ್ತು. ಗಾಯಕ್ಕೆ ಹೊಲಿಗೆ, ಮುರಿದ ಎಲುಬಿಗೆ ಕಟ್ಟು, ಜ್ವರ, ಭೇದಿ, ಹೆರಿಗೆ, ದೇವಿ ಹಾಕುವುದು, ಕೊನೆಗೆ ಮರಣೋತ್ತರ ಪರೀಕ್ಷೆ ಇವೇ ಅವನ ವೃತ್ತಿಯ ಎಲ್ಲೆಗಳು. ಪಾಠವೂ ಆ ಎಲ್ಲೆಗಳನ್ನು ಬಹುವಾಗಿ ಮೀರುತ್ತಿರಲಿಲ್ಲ. ಕಲಿಕೆಗೂ ಕೆಲಸಕ್ಕೂ ನಡುವೆ ಇದ್ದ ಅಂತರ ಕಿರಿದಾಗಿತ್ತು. ಆದರೆ ಮೂರನೆಯ ಆಧಾರವಾದ ಹೆಸರು ಮತ್ತು ಮುಂದಿನ ದಾರಿ ಅವನಿಗೆ ದಕ್ಕಲಿಲ್ಲ. ವರ್ಷಗಟ್ಟಲೆ ದುಡಿದರೂ ಅವನು ಕೆಳದರ್ಜೆಯ ವೈದ್ಯನೇ. ನಿನ್ನೆ ಮೊನ್ನೆ ಪದವಿ ಪಡೆದವನು ಅವನ ಮೇಲಧಿಕಾರಿಯಾಗಿ ಬರಬಹುದಾಗಿತ್ತು. ಇಂತಹ ವೈದ್ಯರು ದೇಶದಾದ್ಯಂತ ಸಂಘಟಿತರಾಗಿ ತಮ್ಮ ದರ್ಜೆಯನ್ನು ಏರಿಸಬೇಕೆಂದೂ ಪದವಿ ಪಡೆಯಲು ಅವಕಾಶ ಕೊಡಬೇಕೆಂದೂ ಒತ್ತಾಯಿಸಿದ್ದು ಈ ಅತೃಪ್ತಿಯ ಸ್ಪಷ್ಟವಾದ ಕುರುಹು. ಅವರು ಆಕ್ಷೇಪಿಸಿದ್ದು ಕಲಿಸಿದ ವಿದ್ಯೆಯನ್ನಲ್ಲ, ಆ ವಿದ್ಯೆಗೆ ಕಟ್ಟಿದ ಬೆಲೆಯನ್ನು ಎಂಬುದು ಗಮನಾರ್ಹ.

ಮೈಸೂರು ಸಂಸ್ಥಾನವು ಇದೇ ಕಾಲದಲ್ಲಿ ಎರಡು ಹೆಜ್ಜೆಗಳನ್ನಿಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಇಂದಿನ ಕರ್ಣಾಟಕದ ಪ್ರದೇಶದಲ್ಲಿ ಇದೇ ಮೊದಲನೆಯದು. ಆ ೧೯೨೪ರಲ್ಲಿಯೇ ಕಾವೇರಿಯ ಮಹಾಪ್ರವಾಹವು ಎಡತೊರೆಯನ್ನು ಬಾಧಿಸಿ, ಅದರ ಪರಿಣಾಮವಾಗಿ ಎತ್ತರದ ನೆಲದಲ್ಲಿ ಕೃಷ್ಣರಾಜನಗರವೆಂಬ ಹೊಸ ಪಟ್ಟಣ ನಿರ್ಮಾಣವಾಯಿತು. ಒಬ್ಬ ಅರಸನ ಆಳ್ವಿಕೆಯಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ಕಲಿಯುವ ಸ್ಥಳವೊಂದೂ ಸೇವೆ ಬೇಡುವ ಪಟ್ಟಣವೊಂದೂ ಹುಟ್ಟಿದುವು. ಇವೆರಡರ ನಡುವೆ ವೈದ್ಯಶಿಕ್ಷಣದ ಸೇತುವೆ ಕಟ್ಟುವ ಕೆಲಸ ಮಾತ್ರ ಆಗ ನಡೆಯಲಿಲ್ಲ.

ಎರಡನೆಯ ಹೆಜ್ಜೆ ಗ್ರಾಮಾಂತರ ಆರೋಗ್ಯಕ್ಕೆ ಸಂಬಂಧಿಸಿದ್ದು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ೧೯೨೯ರಲ್ಲಿ ಮಂಡ್ಯದಲ್ಲಿ ಒಂದು ಆರೋಗ್ಯ ಘಟಕ ಸ್ಥಾಪಿತವಾಯಿತು. ಮುಂದಿನ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಸಿಬ್ಬಂದಿಯ ತರಬೇತಿಗೂ ಒಂದು ಕೇಂದ್ರ ನೆಲೆಗೊಂಡಿತು. ಹಳ್ಳಿಯ ಆರೋಗ್ಯವನ್ನು ಹಳ್ಳಿಯಲ್ಲೇ ಕಲಿಸಬೇಕೆಂಬ ತತ್ತ್ವವನ್ನು ಸಂಸ್ಥಾನ ಆಗಲೇ ಮನಗಂಡಿತ್ತೆಂಬುದಕ್ಕೆ ಇವು ಸಾಕ್ಷಿ. ಆದರೆ ಅವು ನೆಲೆಗೊಂಡದ್ದು ಬೆಂಗಳೂರು–ಮೈಸೂರು ಹೆದ್ದಾರಿಯ ಮತ್ತು ರೈಲಿನ ಬದಿಯಲ್ಲಿ. ಪಶ್ಚಿಮದ ತಾಲ್ಲೂಕುಗಳಿಗೆ ಆ ಭಾಗ್ಯ ಬರಲಿಲ್ಲ.

೩. ಪದವಿಯ ಗೌರವ, ಸ್ಥಳದ ನಷ್ಟ

೧೯೪೩ರಲ್ಲಿ ನೇಮಕಗೊಂಡು ೧೯೪೬ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯು ಪರವಾನೆಯ ಶಿಕ್ಷಣವನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ದರ್ಜೆಯ ಮೂಲವೈದ್ಯನನ್ನು ತಯಾರಿಸಬೇಕೆಂದು ಶಿಫಾರಸು ಮಾಡಿತು. ವೈದ್ಯರ ಸಂಖ್ಯೆ ತೀರ ಕಡಿಮೆಯಿರುವಾಗ ಇದು ತರವಲ್ಲವೆಂದು ಸಮಿತಿಯ ಕೆಲವು ಸದಸ್ಯರು ಭಿನ್ನಾಭಿಪ್ರಾಯ ಸೂಚಿಸಿದರು, ಅದು ಪುರಸ್ಕೃತವಾಗಲಿಲ್ಲ. ಸಮಿತಿಯ ಆಶಯ ಉದಾತ್ತವಾಗಿತ್ತು: ಬಡವನಿಗೆ ಅರ್ಧ ಕಲಿತ ವೈದ್ಯ, ಸಿರಿವಂತನಿಗೆ ಪೂರ್ಣ ಕಲಿತ ವೈದ್ಯ ಎಂಬ ಭೇದ ಸಲ್ಲದು. ಅಂತೆಯೇ ಆ ಮೂಲವೈದ್ಯನು ಸಮಾಜವನ್ನು ಬಲ್ಲವನಾಗಬೇಕೆಂದೂ, ರೋಗನಿವಾರಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿ ಪಡೆಯಬೇಕೆಂದೂ ಅದು ಹೇಳಿತು.

ಹೀಗೆ ಕಲಿಯುವವನಿಗೆ ಹೆಸರು ದೊರಕಿತು, ಎಲ್.ಎಂ.ಪಿ. ವೈದ್ಯನ ಮುಖ್ಯ ದೂರು ಪರಿಹಾರವಾಯಿತು. ಆದರೆ ಅದೇ ಪರಿಹಾರದೊಡನೆ ಮೊದಲನೆಯ ಆಧಾರ ಸಡಿಲವಾಯಿತು. ಎಂ.ಬಿ.ಬಿ.ಎಸ್. ವಿದ್ಯಾರ್ಥಿ ಕಲಿಯುವುದು ಕೃಷ್ಣರಾಜೇಂದ್ರ ಆಸ್ಪತ್ರೆಯಂತಹ ಮಹಾಸಂಸ್ಥೆಯಲ್ಲಿ. ಅವನಿಗೆ ಪಾಠ ಹೇಳುವವರೆಲ್ಲ ಒಂದೊಂದು ವಿಭಾಗದ ತಜ್ಞರು. ಅಲ್ಲಿಗೆ ಬರುವ ರೋಗಿ ಹಳ್ಳಿಯ, ತಾಲ್ಲೂಕಿನ ಜರಡಿಗಳಲ್ಲಿ ಸೋಸಿ ಉಳಿದವನು. ನೂರು ಜ್ವರಗಳಲ್ಲಿ ತೊಂಬತ್ತು ತಾವಾಗಿಯೇ ಇಳಿಯುವಂಥವು, ಉಳಿದವುಗಳನ್ನು ಹೇಗೆ ಗುರುತಿಸಬೇಕು ಎಂಬ ವಿದ್ಯೆ ಹಾಸಿಗೆಯ ಪಕ್ಕದ ಪಾಠದಲ್ಲಿ ದೊರಕುವುದಿಲ್ಲ. ಆ ತೊಂಬತ್ತು ಮಂದಿ ಅಲ್ಲಿಗೆ ಬರುವುದೇ ಇಲ್ಲ. ವಿಭಾಗ ವಿಭಾಗಗಳಲ್ಲಿ ಸರದಿಯ ಮೇಲೆ ದುಡಿಯುವ ಹೌಸ್ ಸರ್ಜನ್ನನು ಮಕ್ಕಳ ವೈದ್ಯರೊಡನೆ ಇದ್ದಾಗ ತಾಯಿಯನ್ನು ನೋಡುವುದಿಲ್ಲ, ಸ್ತ್ರೀರೋಗ ತಜ್ಞರೊಡನೆ ಇದ್ದಾಗ ಮಗುವನ್ನು ನೋಡುವುದಿಲ್ಲ. ಇಡೀ ಕುಟುಂಬವನ್ನು ಒಟ್ಟಾಗಿ ನೋಡುವ ಗುರುವೇ ಅವನಿಗೆ ಕಾಣಿಸದಿದ್ದಲ್ಲಿ ಕುಟುಂಬ ವೈದ್ಯನಾಗುವ ಹಂಬಲವಾದರೂ ಹೇಗೆ ಹುಟ್ಟೀತು?

ನಗರಗಳಲ್ಲಿ ಅಂತಹ ಗುರುಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತ ‘ಕೊರವಂಜಿ’ ಪತ್ರಿಕೆಯನ್ನು ಕಟ್ಟಿದ ರಾಶಿ, ಎಂದರೆ ಡಾ. ಎಂ. ಶಿವರಾಂ, ಕನ್ನಡಿಗರೆಲ್ಲರೂ ಬಲ್ಲ ವೈದ್ಯರು. ಜನರ ನಡುವೆ ಬಾಳಿದ ಇಂತಹ ವೈದ್ಯರ ಅನುಭವ ಹೇರಳವಾಗಿದ್ದರೂ ಅದಕ್ಕೆ ಕಾಲೇಜಿನ ಪಾಠಕ್ರಮದಲ್ಲಿ ಪೀಠವಿರಲಿಲ್ಲ. ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಹೇಗೆ ಬಗೆಹರಿಯಿತೆಂಬುದನ್ನು ಹೋಲಿಕೆಗಾಗಿ ನೋಡಬಹುದು. ೧೯೫೦ರಲ್ಲಿ ಜೋಸೆಫ್ ಕಾಲಿಂಗ್ಸ್ ಎಂಬವರು ಅಲ್ಲಿನ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳ ಹೀನಸ್ಥಿತಿಯನ್ನು ಕುರಿತು ನಿಷ್ಠುರವಾದ ವರದಿ ಪ್ರಕಟಿಸಿದರು. ೧೯೫೨ರಲ್ಲಿ ಸಾಮಾನ್ಯ ವೈದ್ಯರು ತಮ್ಮದೇ ಆದ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿಕೊಂಡರು. ೧೯೬೩ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆ ಪ್ರಾಧ್ಯಾಪಕ ಪೀಠ ಏರ್ಪಟ್ಟಿತು. ೧೯೮೦ರ ದಶಕದ ಆರಂಭದಿಂದ ಮೂರು ವರ್ಷಗಳ ವಿಶೇಷ ತರಬೇತಿ ಕಡ್ಡಾಯವಾಯಿತು. ಆ ಮೂರು ವರ್ಷಗಳಲ್ಲಿ ಒಂದು ಭಾಗವನ್ನು ಅನುಭವಿಯಾದ ಒಬ್ಬ ಸಾಮಾನ್ಯ ವೈದ್ಯನ ಚಿಕಿತ್ಸಾಲಯದಲ್ಲಿ, ಅವನ ಪಕ್ಕದಲ್ಲಿ ಕುಳಿತು ಕಳೆಯಬೇಕು. ಸ್ಥಳ, ಗುರು, ಹೆಸರು ಈ ಮೂರೂ ಅಲ್ಲಿ ಒಂದೆಡೆ ಕೂಡಿದುವು. ಅದಕ್ಕೆ ಮೂವತ್ತು ವರ್ಷ ಹಿಡಿಯಿತೆಂಬುದನ್ನೂ ಮರೆಯಲಾಗದು.

ನಮ್ಮಲ್ಲಿಯೂ ಕೊರತೆಯ ಅರಿವು ಇಲ್ಲದಿರಲಿಲ್ಲ. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ, ಅದರ ಅಂಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದುವು. ೧೯೭೫ರಲ್ಲಿ ಶ್ರೀವಾಸ್ತವ ಸಮಿತಿಯು ವೈದ್ಯಶಿಕ್ಷಣ ಆಸ್ಪತ್ರೆಗೇ ಅಂಟಿಕೊಂಡಿದೆಯೆಂದು ಎತ್ತಿ ತೋರಿಸಿತು. ೧೯೭೭ರಲ್ಲಿ ಭಾರತ ಸರ್ಕಾರ ವೈದ್ಯಶಿಕ್ಷಣದ ಪುನರ್ವಿನ್ಯಾಸ ಯೋಜನೆಯನ್ನು ಜಾರಿಗೆ ತಂದು, ಪ್ರತಿಯೊಂದು ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂದು ವಿಧಿಸಿತು. ಸಂಚಾರಿ ಚಿಕಿತ್ಸಾಲಯಗಳಿಗಾಗಿ ದೊಡ್ಡ ವಾಹನಗಳನ್ನೂ ಒದಗಿಸಿತು. ಗುರುವೂ ಶಿಷ್ಯನೂ ಕೂಡಿ ಹಳ್ಳಿಗೆ ಹೋಗಬೇಕೆಂಬುದು ಇದರ ಆಶಯ. ಆದರೆ ವಾಹನದಲ್ಲಿ ಬೆಳಗ್ಗೆ ಹೋಗಿ ಸಂಜೆ ಹಿಂದಿರುಗುವುದರಿಂದ ಹಳ್ಳಿಯನ್ನು ನೋಡಿದಂತಾಗುತ್ತದೆಯೇ ಹೊರತು ಅಲ್ಲಿ ವೈದ್ಯನಾಗಿ ಬಾಳುವುದನ್ನು ಕಲಿತಂತಾಗುವುದಿಲ್ಲ. ಯೋಜನೆ ಕ್ರಮೇಣ ಸೊರಗಿತು.

೪. ಹೆಗ್ಗಡದೇವನಕೋಟೆಯ ನಿದರ್ಶನ

ಅತೃಪ್ತಿಯು ಎರಡು ದಾರಿ ಹಿಡಿಯಬಲ್ಲುದು. ಒಂದು ಆ ಸ್ಥಳವನ್ನು ಬಿಟ್ಟುಹೋಗುವುದು; ಇನ್ನೊಂದು ತನಗೆ ದೊರಕದ ಶಿಕ್ಷಣವನ್ನು ತಾನೇ ಕಟ್ಟಿಕೊಳ್ಳುವುದು. ಎರಡನೆಯದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಪ್ರಸಿದ್ಧವಾದ ಉದಾಹರಣೆ ಇದೆ.

೧೯೮೪ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ಕೆಲವು ಸಹಪಾಠಿಗಳೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಓದುವ ಕಾಲದಲ್ಲಿ ಬಡರೋಗಿಗಳ ಅಸಹಾಯಕತೆಯನ್ನು ಕಂಡು ಉಂಟಾದ ಕಳವಳವೇ ಇದಕ್ಕೆ ಮೂಲ. ವಿವೇಕಸಮ್ಮತವಾದ, ನೀತಿಯುತವಾದ, ಅಲ್ಪ ವೆಚ್ಚದ ಚಿಕಿತ್ಸೆ ಎಂಬುದು ಅವರ ಧ್ಯೇಯವಾಗಿತ್ತು. ಪದವಿ ಮುಗಿದ ಮೇಲೆ ೧೯೮೭ರಲ್ಲಿ ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿಯ ಹಾಡಿಯಲ್ಲಿ ಚಿಕಿತ್ಸೆ ಆರಂಭಿಸಿದರು. ಡಾ. ಎಂ. ಆರ್. ಸೀತಾರಾಂ, ಡಾ. ಎಂ. ಎ. ಬಾಲಸುಬ್ರಹ್ಮಣ್ಯ ಮೊದಲಾದವರು ಜೊತೆಗೂಡಿದರು. ಕಾಲಕ್ರಮದಲ್ಲಿ ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ತಲೆಯೆತ್ತಿದುವು. ಇದಕ್ಕೆ ಕೆಲವು ವರ್ಷ ಮೊದಲೇ, ೧೯೮೧ರಲ್ಲಿ, ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೇ ಬಗೆಯದು.

ಇವುಗಳನ್ನು ತ್ಯಾಗದ ಕಥೆಗಳೆಂದು ಕೊಂಡಾಡುವುದು ವಾಡಿಕೆ. ಅದು ಸತ್ಯವಾದರೂ ಪೂರ್ಣ ಸತ್ಯವಲ್ಲ. ಶಿಕ್ಷಣದ ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ಬೇರೊಂದು ಅಂಶ ವಿದಿತವಾಗುತ್ತದೆ. ಈ ತರುಣರು ಕಾಲೇಜಿನಲ್ಲಿ ಕಲಿಯದ್ದನ್ನು ಹಾಡಿಯಲ್ಲಿ ಕಲಿಯಬೇಕಾಯಿತು. ರೋಗಿ ತಾನಾಗಿ ಬರುವವರೆಗೆ ಕಾಯುವುದು ಫಲಿಸದೆ ಅವನ ಗುಡಿಸಿಲಿಗೆ ಹೋಗಬೇಕೆಂಬುದು, ಹಸಿವಿಗೂ ಅಕ್ಷರಕ್ಕೂ ದಾರಿ ಮಾಡದೆ ಔಷಧಿ ಕೆಲಸ ಮಾಡದೆಂಬುದು ಅವರಿಗೆ ಅಲ್ಲಿ ತಿಳಿದುಬಂದ ಪಾಠಗಳು. ಆಸ್ಪತ್ರೆಯ ಜೊತೆಗೆ ಶಾಲೆ ಹುಟ್ಟಿದ್ದು ಈ ಕಾರಣದಿಂದಲೇ. ಅವರು ಒಬ್ಬಂಟಿಯಾಗಿರದೆ ಗುಂಪಾಗಿದ್ದುದರಿಂದ ಒಬ್ಬರಿಗೊಬ್ಬರು ಗುರುಗಳಾದರು ಎಂಬುದೂ ಮುಖ್ಯ. ಸ್ಥಳವಿತ್ತು, ಗುರುವಿನ ಬದಲಿಗೆ ಒಡನಾಡಿಗಳಿದ್ದರು, ಹೆಸರು ತಡವಾಗಿಯಾದರೂ ಬಂದಿತು. ಒಬ್ಬನೇ ವೈದ್ಯನನ್ನು ಒಂದು ಕೇಂದ್ರಕ್ಕೆ ಕಳುಹಿಸಿ ಬೀಗದ ಕೈ ಕೊಡುವ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಸಾಧಾರಣ ವ್ಯಕ್ತಿಗಳು ಸಿದ್ಧಿಸಿಕೊಂಡದ್ದನ್ನು ಸಾಧಾರಣ ತರುಣನೂ ಪಡೆಯುವಂತೆ ಮಾಡುವುದು ವ್ಯವಸ್ಥೆಯ ಹೊಣೆ. ಬೆಂಗಳೂರಿನ ಕಮ್ಯೂನಿಟಿ ಹೆಲ್ತ್ ಸೆಲ್ ಸಂಸ್ಥೆಯ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ಮೊದಲಾದವರು ೧೯೯೦ರ ದಶಕದ ಆರಂಭದಲ್ಲಿ ವೈದ್ಯಶಿಕ್ಷಣವನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, ಗ್ರಾಮಾಂತರದಲ್ಲಿ ದುಡಿದ ತರುಣ ಪದವೀಧರರ ಅಭಿಪ್ರಾಯಗಳನ್ನೇ ಸಂಗ್ರಹಿಸಿದರು. ಕಲಿತವನ ಮಾತನ್ನು ಪಾಠಕ್ರಮದ ಪ್ರಮಾಣವೆಂದು ಎಣಿಸಿದ ಈ ಕಾರ್ಯ ನಮ್ಮ ನಾಡಿನಲ್ಲಿ ನಡೆಯಿತೆಂಬುದು ಸ್ಮರಣೀಯ.

೫. ಕಡ್ಡಾಯ ಸೇವೆ: ಹೆಸರು ಮತ್ತು ಅರ್ಥ

ಸರ್ಕಾರ ಹಿಡಿದ ದಾರಿ ಬೇರೆಯದು. ೨೦೧೨ರಲ್ಲಿ ಕರ್ಣಾಟಕ ವಿಧಾನಮಂಡಲವು ವೈದ್ಯಕೀಯ ಶಿಕ್ಷಣ ಪೂರೈಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಅಧಿನಿಯಮವನ್ನು ಅಂಗೀಕರಿಸಿತು. ೨೦೧೫ರಲ್ಲಿ ಅದು ಜಾರಿಗೆ ಬಂದಿತು. ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಗೊತ್ತುಮಾಡಿದ ಸ್ಥಳ ಗ್ರಾಮಾಂತರದ ಆರೋಗ್ಯ ಕೇಂದ್ರ. ಈ ಕಾನೂನು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಪದವೀಧರರ ಸಂಖ್ಯೆ ಖಾಲಿ ಹುದ್ದೆಗಳನ್ನು ಮೀರಿದಾಗ ೨೦೨೩ರ ತಿದ್ದುಪಡಿಯಿಂದ ಎಲ್ಲರಿಗೂ ಇದ್ದ ಕಡ್ಡಾಯವನ್ನು ಅಗತ್ಯಕ್ಕೆ ತಕ್ಕಂತೆ ಸಡಿಲಿಸಲಾಯಿತು. ಹತ್ತು ವರ್ಷಗಳ ಹಿಂದೆ ವೈದ್ಯರಿಲ್ಲವೆಂದು ಮಾಡಿದ ಕಾನೂನನ್ನು ವೈದ್ಯರು ಹೆಚ್ಚಾದರೆಂದು ತಿದ್ದಬೇಕಾಗಿ ಬಂದದ್ದು ಗಮನಾರ್ಹ.

ಈ ಅಧಿನಿಯಮದ ಹೆಸರನ್ನು ಇತಿಹಾಸದ ವಿದ್ಯಾರ್ಥಿ ಲಕ್ಷ್ಯವಿಟ್ಟು ಓದಬೇಕು. ಅದು ಕೇವಲ ಕಡ್ಡಾಯ ಸೇವೆಯ ಕಾನೂನಲ್ಲ. ಕಡ್ಡಾಯ ಸೇವಾ ತರಬೇತಿಯ ಕಾನೂನು. ಸೇವೆ ಎಂಬುದು ಜನರಿಗೆ ಸಲ್ಲಬೇಕಾದ ಋಣ. ತರಬೇತಿ ಎಂಬುದು ಕಲಿಯುವವನಿಗೆ ಸಲ್ಲಬೇಕಾದ ಋಣ. ಮೊದಲನೆಯದನ್ನು ವಸೂಲು ಮಾಡಲು ನೋಂದಣಿಯನ್ನು ತಡೆಹಿಡಿಯುವ ಅಧಿಕಾರವಿದೆ. ಎರಡನೆಯದನ್ನು ಸಲ್ಲಿಸಲು ಬೇಕಾದದ್ದು ಗುರು. ದೂರದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಇಪ್ಪತ್ತನಾಲ್ಕರ ಹರೆಯದ ಯುವಕನೋ ಯುವತಿಯೋ ಏಕಮಾತ್ರ ವೈದ್ಯರಾಗಿರುವಾಗ ರಾತ್ರಿ ಬಂದ ಹಾವು ಕಡಿದವನಿಗೆ ಔಷಧಿಯ ಪ್ರಮಾಣವನ್ನು ಯಾರನ್ನು ಕೇಳಬೇಕು? ಹೆಣ್ಣುಮಕ್ಕಳು ಇಂದು ವೈದ್ಯಕೀಯ ಕಾಲೇಜುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಓದುತ್ತಿರುವಾಗ ಭದ್ರವಾದ ವಸತಿಯೂ ತರಬೇತಿಯ ಒಂದು ಅಂಗವೆಂದೇ ಎಣಿಸಬೇಕಲ್ಲವೆ? ಕಲಿಯುವವರು ಹಳ್ಳಿಯನ್ನು ದ್ವೇಷಿಸುತ್ತಾರೆ, ನಗರದ ಸುಖಕ್ಕೆ ಹಾತೊರೆಯುತ್ತಾರೆ ಎಂಬ ಆಪಾದನೆಯನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಅಂಜಿಕೆಯನ್ನು ಅಸಡ್ಡೆಯೆಂದು ತಿಳಿಯುವುದು ತಪ್ಪು. ಈಜು ಬಾರದವನು ಹೊಳೆಗೆ ಅಂಜುವುದು ಹೊಳೆಯ ಮೇಲಿನ ದ್ವೇಷದಿಂದಲ್ಲ.

ಇತ್ತೀಚಿನ ನಿಯಮಗಳಲ್ಲಿ ಈ ಅರಿವು ಅಲ್ಲಲ್ಲಿ ಕಾಣುತ್ತದೆ. ೨೦೨೧ರ ನಿಯಮದಂತೆ ಹೌಸ್ ಸರ್ಜನ್ನನ ಒಂದು ವರ್ಷದಲ್ಲಿ ಹನ್ನೆರಡು ವಾರಗಳು ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಅದರ ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮವನ್ನು ವಿಧಿಸಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ ೨೦೨೦ರದು. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೂ ಹನ್ನೆರಡು ವಾರಗಳೆಂದರೆ ವರ್ಷದ ಕಾಲುಭಾಗಕ್ಕಿಂತ ಕಡಿಮೆ. ಆ ಅವಧಿಯೂ ಬಹುಮಂದಿಗೆ ಸ್ನಾತಕೋತ್ತರ ಪ್ರವೇಶಪರೀಕ್ಷೆಯ ಓದಿನ ನಡುವೆ ಬರುತ್ತದೆ.

೬. ಕುಟುಂಬ ವೈದ್ಯಶಾಸ್ತ್ರಕ್ಕೆ ದೊರೆತ ಪೀಠ

ಮೂರನೆಯ ಆಧಾರವಾದ ಹೆಸರಿನ ವಿಷಯದಲ್ಲಿ ದೇಶ ಸ್ವಲ್ಪ ಮುಂದುವರಿದಿದೆ. ೧೯೭೫ರಲ್ಲಿ ಆರಂಭವಾಗಿ ೧೯೮೨ರಲ್ಲಿ ಸ್ವತಂತ್ರ ಸಂಸ್ಥೆಯಾದ ರಾಷ್ಟ್ರೀಯ ಪರೀಕ್ಷಾ ಮಂಡಲಿಯು ಕುಟುಂಬ ವೈದ್ಯಶಾಸ್ತ್ರದಲ್ಲಿ ಡಿ.ಎನ್.ಬಿ. ಎಂಬ ಮೂರು ವರ್ಷದ ಶಿಕ್ಷಣವನ್ನು ಏರ್ಪಡಿಸಿದೆ. ೨೦೦೨ರ ರಾಷ್ಟ್ರೀಯ ಆರೋಗ್ಯ ನೀತಿಯು ಕುಟುಂಬ ವೈದ್ಯಶಾಸ್ತ್ರದ ತಜ್ಞರು ಹೆಚ್ಚಬೇಕೆಂದು ಹೇಳಿತು. ಕೋಟೆಯ ಗಡಿಯಾಚೆಯ ಕೇರಳದಲ್ಲಿ, ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ, ೨೦೧೦ರ ದಶಕದ ಆರಂಭದಲ್ಲಿ ಈ ಶಾಸ್ತ್ರದ ಎಂ.ಡಿ. ಪದವಿ ಆರಂಭವಾಯಿತು. ೨೦೨೦ರಲ್ಲಿ ಪರೀಕ್ಷಾ ಮಂಡಲಿ ಎರಡು ವರ್ಷದ ಡಿಪ್ಲೊಮಾ ತರಗತಿಗಳನ್ನು ತೆರೆದಾಗ ಕುಟುಂಬ ವೈದ್ಯಶಾಸ್ತ್ರವೂ ಅವುಗಳಲ್ಲಿ ಸೇರಿತು. ಇವುಗಳ ವಿಶೇಷವೆಂದರೆ, ಬೋಧನೆಗೆ ವೈದ್ಯಕೀಯ ಕಾಲೇಜೇ ಬೇಕೆಂಬ ನಿರ್ಬಂಧವಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆಯೇ ಗುರುಕುಲವಾಗಬಹುದು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಅಂಶ ಅತ್ಯಂತ ಮಹತ್ತ್ವದ್ದು. ಒಂದು ಶತಮಾನ ಕಾಲ ಇವು ವೈದ್ಯಶಿಕ್ಷಣಕ್ಕೆ ರೋಗಿಗಳನ್ನು ಒದಗಿಸಿವೆ. ಕೃಷ್ಣರಾಜೇಂದ್ರ ಆಸ್ಪತ್ರೆಯ ವಾರ್ಡುಗಳಲ್ಲಿ ಕೋಟೆಯವರೂ ಪಿರಿಯಾಪಟ್ಟಣದವರೂ ಮಲಗಿದುದರಿಂದಲೇ ಎಷ್ಟೋ ತಲೆಮಾರಿನ ವೈದ್ಯರು ತಮ್ಮ ವಿದ್ಯೆ ಕಲಿತರು. ಅದಕ್ಕೆ ಪ್ರತಿಯಾಗಿ ಈ ತಾಲ್ಲೂಕುಗಳು ಪಡೆದದ್ದು ಸ್ವಲ್ಪ ದಿನ ಇದ್ದು ಹೋಗುವವರನ್ನು. ಹುಣಸೂರಿನಲ್ಲಿಯೋ ಕೃಷ್ಣರಾಜನಗರದಲ್ಲಿಯೋ ತಾಲ್ಲೂಕು ಆಸ್ಪತ್ರೆಯನ್ನೇ ಕಲಿಯುವ ಸ್ಥಳವನ್ನಾಗಿ ಮಾಡಿ, ಅಲ್ಲಿನ ಅನುಭವಿ ವೈದ್ಯರಿಗೆ ಗುರುವಿನ ಸ್ಥಾನವನ್ನೂ ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಟ್ಟು, ಸುತ್ತಲಿನ ಆರೋಗ್ಯ ಕೇಂದ್ರಗಳಲ್ಲಿ ಒಬ್ಬೊಬ್ಬರನ್ನಲ್ಲದೆ ಇಬ್ಬಿಬ್ಬರನ್ನು ಇರಿಸಿದರೆ, ಈವರೆಗೆ ಬಿಡಿಬಿಡಿಯಾಗಿ ಬಂದ ಮೂರು ಆಧಾರಗಳೂ ಮೊದಲ ಬಾರಿಗೆ ಒಂದೆಡೆ ಸೇರಿಯಾವು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಎಲ್.ಎಂ.ಪಿ. ವೈದ್ಯನಿಗೆ ಕೆಲಸಕ್ಕೆ ಒಪ್ಪುವ ಶಿಕ್ಷಣವಿತ್ತು, ಗೌರವವಿರಲಿಲ್ಲ. ಪದವೀಧರನಿಗೆ ಗೌರವ ಬಂದಿತು, ಕೆಲಸದ ಸ್ಥಳ ಅಪರಿಚಿತವಾಯಿತು. ಕಡ್ಡಾಯ ಸೇವೆಯವನನ್ನು ಆ ಸ್ಥಳಕ್ಕೆ ಕಳುಹಿಸಲಾಯಿತು, ಗುರುವನ್ನು ಜೊತೆಗೆ ಕಳುಹಿಸಲಿಲ್ಲ. ಹೆಗ್ಗಡದೇವನಕೋಟೆಯ ತರುಣರು ತಮ್ಮೊಳಗೇ ಗುರುತ್ವವನ್ನು ಕಂಡುಕೊಂಡುದರಿಂದ ಅಲ್ಲಿ ನೆಲೆ ನಿಂತರು. ಆದಕಾರಣ ಕಲಿಯುವ ವೈದ್ಯನ ತೃಪ್ತಿ ಎಂಬುದು ಅವನ ಸುಖಲೋಲುಪತೆಯ ಪ್ರಶ್ನೆಯಲ್ಲ. ಅದು ತಾಲ್ಲೂಕಿನಲ್ಲಿ ಗುರು ಇದ್ದಾನೆಯೇ ಇಲ್ಲವೇ ಎಂಬ ಪ್ರಶ್ನೆ. ಇಷ್ಟು ಮಾತ್ರ ಈ ಪ್ರಬಂಧದ ಪ್ರತಿಪಾದನೆ.

ಇತಿಹಾಸದ ವಿದ್ಯಾರ್ಥಿ ವೈದ್ಯಶಿಕ್ಷಣದ ನೀತಿಯನ್ನು ರೂಪಿಸಲು ಅಧಿಕಾರಿಯಲ್ಲ. ಆದರೆ ಒಂದೇ ತಪ್ಪು ಬೇರೆ ಬೇರೆ ಹೆಸರುಗಳಲ್ಲಿ ಮರಳಿ ಬರುತ್ತಿದ್ದರೆ ಅದನ್ನು ಎತ್ತಿ ತೋರಿಸುವುದು ಅವನ ಧರ್ಮ. ಹುಣಸೂರಿನ ಜಗಲಿಯ ಮೇಲಿನ ಹಿರಿಯರು ಕೇಳಿದ ಪ್ರಶ್ನೆ ಬಂದ ವೈದ್ಯನ ಮನಸ್ಸನ್ನು ಕುರಿತದ್ದೆಂದು ನಾವು ಇಷ್ಟು ದಿನ ಭಾವಿಸಿದ್ದೆವು. ವಾಸ್ತವವಾಗಿ ಅದು ಅವನನ್ನು ಕಳುಹಿಸಿದವರನ್ನು ಕುರಿತದ್ದು. ಅವನು ಎಷ್ಟು ದಿನ ಇದ್ದಾನೆಂಬುದಕ್ಕೆ ಉತ್ತರ, ಅವನಿಗೆ ಕಲಿಸಲು ನಾವು ಎಷ್ಟು ದಿನ ಅವನ ಬಳಿ ನಿಂತೆವೆಂಬುದರಲ್ಲಿದೆ.